ಅಳದ ಕೂಸಿನ ಲೆಕ್ಕ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಕಡೆಯ ಒಂದು ಉಪಕೇಂದ್ರಕ್ಕೆ ನನ್ನನ್ನು ಎಎನ್‌ಎಂ ಆಗಿ ಹಾಕಿದ್ದು 1984ರಲ್ಲಿ. ಬಡ್ತಿ ಸಿಕ್ಕ ಮೇಲೆ ತಿ. ನರಸೀಪುರ ತಾಲ್ಲೂಕಿಗೆ ಹೋದೆ. ತಲಕಾಡು, ಮೂಗೂರು ಹೋಬಳಿಗಳ ಊರುಗಳಲ್ಲಿ ತಿರುಗಾಡಿಕೊಂಡೇ ನಿವೃತ್ತಿಯೂ ಆಯಿತು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಯ ಹೆಸರು ಹಲವು ಸಲ ಬದಲಾಯಿತು. ಊರವರ ಬಾಯಲ್ಲಿ ಮಾತ್ರ ಎರಡೂ ತಾಲ್ಲೂಕಿನಲ್ಲಿ ನಾನು ‘ನರ್ಸಮ್ಮ’ನೇ.

ಎರಡೂ ತಾಲ್ಲೂಕು ಕಪಿಲೆಯವು. ನಂಜನಗೂಡಿನಲ್ಲಿ ದೇವಸ್ಥಾನದ ಮಗ್ಗುಲಲ್ಲಿ ಹರಿದ ಹೊಳೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ಕಬಿನಿ ಅಣೆಕಟ್ಟಿನ ನೀರು ನಾಲೆಗೆ ಬಂದಮೇಲಂತೂ ಬಸ್ಸಿನ ಕಿಟಕಿಯಿಂದ ನೋಡಿದರೆ ಕಣ್ಣು ತುಂಬ ಗದ್ದೆ. ಇಂಥ ಸೀಮೆಯಲ್ಲಿ ಕೂಸುಗಳು ಯಾಕೆ ಸಾಯುತ್ತವೆ ಎಂದು ಹೊರಗಿನವರು ಕೇಳುತ್ತಿದ್ದರು. ಗದ್ದೆ ಯಾರದು, ಅದರಲ್ಲಿ ಬಗ್ಗಿ ನಾಟಿ ಹಾಕುವವರು ಯಾರು ಎಂದು ನೋಡಿದರೆ ಆ ಪ್ರಶ್ನೆ ಏಳುವುದಿಲ್ಲ. ನಮ್ಮ ನಂಜುಂಡೇಶ್ವರ ರೋಗ ವಾಸಿ ಮಾಡುವ ದೇವರು. ಟಿಪ್ಪು ಸುಲ್ತಾನ ‘ಹಕೀಂ ನಂಜುಂಡ’ ಎಂದು ಕರೆದನಂತೆ. ಅಂಥ ವೈದ್ಯ ಪಕ್ಕದಲ್ಲೇ ಇದ್ದರೂ ನನ್ನ ಸೆಂಟರಿನ ಹೆಂಗಸರು ಮಡಿಲು ತುಂಬಲಿ ಎಂದು ಹರಕೆ ಹೊತ್ತು, ತುಂಬಿದ ಮಡಿಲು ಹೆರಿಗೆಯ ದಿನವೇ ಬರಿದಾಗುವುದನ್ನು ನೋಡಬೇಕಾಗುತ್ತಿತ್ತು.

ಆಗಿನ ಮಾಸಿಕ ಸಭೆಗಳಲ್ಲಿ ಕೇಳುತ್ತಿದ್ದದ್ದು ಒಂದೇ: ಆಪರೇಷನ್ ಎಷ್ಟಾಯಿತು, ಕಾಪರ್-ಟಿ ಎಷ್ಟು ಹಾಕಿಸಿದಿರಿ. ಟಾರ್ಗೆಟ್ ಮುಟ್ಟದಿದ್ದರೆ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಸತ್ತ ಕೂಸುಗಳ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಮನೆಯವರೂ ಹೇಳುತ್ತಿರಲಿಲ್ಲ. ಹೆಸರಿಡದ ಕೂಸಿಗೆ ತಿಥಿಯಿಲ್ಲ, ಅಳುವವರೂ ಕಡಿಮೆ. ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಹೂತು ಬಂದು, ಹೆತ್ತವಳಿಗೆ ಎದೆ ಹಾಲು ಬತ್ತಲೆಂದು ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಸತ್ತು ಹುಟ್ಟಿದ ಕೂಸನ್ನೂ ಬರೆಸಬೇಕು ಎಂದು ಅದರಲ್ಲೇ ಇದೆ. ನನ್ನ ಊರುಗಳಲ್ಲಿ ಅದಕ್ಕಾಗಿ ವಿಲೇಜ್ ಅಕೌಂಟೆಂಟರ ಬಾಗಿಲಿಗೆ ಹೋದವರನ್ನು ನಾನು ಕಾಣೆ.

ಕೂಸು ಸತ್ತದ್ದು ಗೊತ್ತಾದ ಮನೆಗೆ ನಾನೇ ಹೋಗಿ ಕೂತು ಕೇಳುತ್ತಿದ್ದೆ. ಏನು ಕೇಳಬೇಕೆಂದು ಕಲಿಸಿದವರು ಮೈಸೂರಿನಲ್ಲಿ ನಮಗೆ ತರಬೇತಿ ಕೊಟ್ಟ ಒಬ್ಬ ಹಿರಿಯ ಸಿಸ್ಟರ್. ಕೂಸಿನ ಚರ್ಮ ಹೇಗಿತ್ತು? ಸಿಪ್ಪೆ ಸುಲಿದು ಬರುತ್ತಿತ್ತೇ? ಹಾಗಿದ್ದರೆ ಅದು ಅರ್ಧ ದಿನಕ್ಕೂ ಹಿಂದೆಯೇ ಹೊಟ್ಟೆಯೊಳಗೆ ತೀರಿಕೊಂಡಿದೆ. ತಾಯಿಯ ಬಿಪಿ, ರಕ್ತ, ಸಕ್ಕರೆ, ಸಿಫಿಲಿಸ್ ಇವುಗಳತ್ತ ನೋಡಬೇಕು. ಚರ್ಮ ನುಣುಪಾಗಿದ್ದು, ಮಲಗಿದ ಹಾಗೆ ಕಂಡಿತೇ? ಹಾಗಾದರೆ ನೋವು ಶುರುವಾದಾಗ ಅದು ಬದುಕಿತ್ತು, ನೋವಿನ ಹೊತ್ತಿನಲ್ಲೇ ಸತ್ತಿದೆ. ಒಂದಾದರೂ ಉಸಿರು ಎಳೆಯಿತೇ, ಹೊಕ್ಕುಳ ಬಳ್ಳಿ ಮಿಡಿಯುತ್ತಿತ್ತೇ? ಹೌದಾದರೆ ಅದು ಸತ್ತು ಹುಟ್ಟಿದ ಕೂಸೇ ಅಲ್ಲ, ಹುಟ್ಟಿ ಸತ್ತದ್ದು. ಏಳು ತಿಂಗಳು ತುಂಬಿದ ಮೇಲೆ ಹೊಟ್ಟೆಯಲ್ಲಿ ಸತ್ತವು ಮತ್ತು ಹುಟ್ಟಿ ಒಂದು ವಾರದೊಳಗೆ ಸತ್ತವು, ಇವೆರಡನ್ನೂ ವೈದ್ಯರು ಒಟ್ಟಿಗೆ ಎಣಿಸುವುದಕ್ಕೆ ಕಾರಣ ಇದೇ. ಹೆಚ್ಚಿನವು ಒಂದೇ ಕೊಂಡಿಯ ಸಾವುಗಳು.

ಕೇರಿಯ ಕೊನೆಯ ಮನೆಯೊಂದರಲ್ಲಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚೊಚ್ಚಲ ಬಸುರಿ. ವಯಸ್ಸು ಹದಿನೇಳು ಇದ್ದೀತು, ಕಾರ್ಡಿನಲ್ಲಿ ಹತ್ತೊಂಬತ್ತು. (ನಮ್ಮ ಕಾರ್ಡುಗಳಲ್ಲಿ ಎಲ್ಲ ಚೊಚ್ಚಲ ಬಸುರಿಯರಿಗೂ ಹತ್ತೊಂಬತ್ತೇ ಇರುತ್ತಿತ್ತು.) ಗಂಡ ಅವಳ ಸೋದರಮಾವ. ಹಿಂದಿನ ಸಂಜೆಯೇ ನೋವು ಕಾಣಿಸಿ, ನೀರು ಹೋಗಿತ್ತು. ರಾತ್ರಿ ನೋವು ನಿಧಾನವಾದಾಗ ಸೈಕಲ್ಲಿನಲ್ಲಿ ಚೀಲ ನೇತುಹಾಕಿಕೊಂಡು ಊರೂರು ಸುತ್ತುವ ಒಬ್ಬರನ್ನು ಕರೆಸಿದ್ದಾರೆ. ಡಾಕ್ಟರಲ್ಲ, ಡಾಕ್ಟರೆಂದೇ ಹೆಸರು. ಅವರು ‘ನೋವು ಬರೋ ಸೂಜಿ’ ಚುಚ್ಚಿ, ದುಡ್ಡು ತಗೊಂಡು ಹೋಗಿದ್ದಾರೆ. ನನಗೆ ಹೇಳಿಕಳಿಸಿದ್ದು ಕೋಳಿ ಕೂಗುವ ಹೊತ್ತಿಗೆ.

ನಾನು ಕೈಯಿಟ್ಟಾಗ ಹೊಟ್ಟೆ ಕಲ್ಲು. ಸಾಮಾನ್ಯವಾಗಿ ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತದೆ. ಆ ಬಿಡುವಿನಲ್ಲೇ ಕೂಸಿಗೆ ತಾಯಿಯ ರಕ್ತದಿಂದ ಪ್ರಾಣವಾಯು ಹೋಗುವುದು. ಅಳತೆಯಿಲ್ಲದೆ ಚುಚ್ಚಿದ ಆ ಔಷಧಿ ಬಿಡುವನ್ನೇ ತೆಗೆದುಬಿಟ್ಟಿತ್ತು. ಕೂಸು ಬಂದದ್ದು ನೀಲಿಗಟ್ಟಿ, ಕೈಕಾಲು ಜೋತು. ಬಳ್ಳಿಯನ್ನು ಬೆರಳಿನಲ್ಲಿ ಹಿಡಿದರೆ ಮಿಡಿತ ಇತ್ತು. ನನ್ನ ಪೆಟ್ಟಿಗೆಯಲ್ಲಿದ್ದದ್ದು ಲೋಳೆ ಎಳೆಯುವ ರಬ್ಬರ್ ಕೊಳವೆ ಮತ್ತು ಹತ್ತಿಬಟ್ಟೆ. ಬಾಯಿಂದ ಲೋಳೆ ತೆಗೆದೆ, ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ, ಬಟ್ಟೆ ಹಾಕಿ ಬಾಯಿಂದ ಬಾಯಿಗೆ ಉಸಿರು ಕೊಟ್ಟೆ. ಎರಡು ಸಲ ಬಿಕ್ಕಿದ ಹಾಗೆ ಉಸಿರು ಎಳೆಯಿತು. ಬೆರಳ ಕೆಳಗಿನ ಮಿಡಿತ ನಿಧಾನವಾಗುತ್ತ ಹೋಗಿ ನಿಂತಿತು.

“ಸತ್ತೇ ಹುಟ್ತು ಕನವ್ವ, ಬುಡು. ನಂಜುಂಡಪ್ಪ ಕೊಡ್ನಿಲ್ಲ ಅಷ್ಟೆಯ” ಎಂದಳು ಅಜ್ಜಿ.

“ಇಲ್ಲ ಅಜ್ಜಿ, ಉಸಿರು ಎಳೀತು” ಎಂದೆ.

ರಿಜಿಸ್ಟರಿನಲ್ಲಿ ಜೀವಂತ ಜನನ, ಆನಂತರ ಶಿಶು ಮರಣ ಎಂದು ಬರೆದೆ. ತಪಾಸಣೆಗೆ ಬಂದ ಮೇಲಿನವರೊಬ್ಬರು ಅದನ್ನು ನೋಡಿ, “ನಿಮ್ಮ ಸೆಂಟರಿನ ಶಿಶು ಮರಣ ಸುಮ್ಮನೆ ಯಾಕಮ್ಮ ಜಾಸ್ತಿ ಮಾಡ್ಕೋತೀರಿ? ಸ್ಟಿಲ್ ಬರ್ತ್ ಅಂತ ಹಾಕಿದ್ರೆ ಆಗ್ತಿತ್ತಲ್ಲ” ಎಂದರು. ಹಾಗೆ ಹಾಕಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ನಿಜ. ಸೂಜಿಯ ವಿಚಾರವೂ ಎಲ್ಲಿಯೂ ಬರುತ್ತಿರಲಿಲ್ಲ.

ಆ ಕೂಸಿಗೆ ಬೇಕಾಗಿದ್ದದ್ದು ಒಂದು ರಬ್ಬರ್ ಚೀಲ ಮತ್ತು ಮೂಗುಬಾಯಿ ಮುಚ್ಚುವಷ್ಟು ಒಂದು ಪುಟ್ಟ ಮಾಸ್ಕ್. ಹುಟ್ಟಿದ ಮೊದಲ ನಿಮಿಷದೊಳಗೆ ಅದನ್ನು ಹಿಡಿದು ಒತ್ತಿದ್ದರೆ ಬದುಕುವ ಸಾಧ್ಯತೆ ಇತ್ತು. ಅದನ್ನು ಹಿಡಿಯುವುದನ್ನು ನರ್ಸುಗಳಿಗೆಲ್ಲ ಕಲಿಸುವ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ದೇಶದಲ್ಲಿ ಶುರುವಾದದ್ದು 2009ರಲ್ಲಿ. ಗೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತಿದ್ದಾಗ ನನ್ನ ತಲೆಗೂದಲು ಬೆಳ್ಳಗಾಗಿತ್ತು. ಪಕ್ಕದಲ್ಲಿದ್ದ ಚಿಕ್ಕ ಹುಡುಗಿಯರು “ಇಷ್ಟೇನಾ ಮೇಡಂ?” ಎಂದು ನಕ್ಕರು. ಇಷ್ಟೇ.

ಮಾಸ್ಕ್ ಇದ್ದಿದ್ದರೆ ಸಾಕಿತ್ತು ಎಂದೂ ನಾನು ಹೇಳಲಾರೆ. ಆ ಸಾವಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಮೊದಲು ಸಿಗುವುದು ಮದುವೆ. ಹದಿನೈದು ಹದಿನಾರಕ್ಕೆ ಮದುವೆ, ಮೈ ಬೆಳೆಯುವ ಮುಂಚೆ ಬಸಿರು, ಕಿರಿದಾದ ಕಟಿ. ಅದೂ ಸೋದರಮಾವನಿಗೆ ಕೊಡುವುದು. ಹೊಲ ಮನೆ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೆ ಇರಲಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆತ್ತವರನ್ನು ವಿಚಾರಿಸಿ ನಡೆಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದೇ ಆಗಿತ್ತು. ಎಲ್ಲ ಕೂಸೂ ಹೋಗುತ್ತದೆ ಎಂದಲ್ಲ. ಒಂದು ಹೋದ ಮನೆಯಲ್ಲಿ ಇನ್ನೊಂದು, ಮತ್ತೊಂದು ಹೋಗುವುದನ್ನು ಕಂಡಾಗ ಮಾತ್ರ ಆ ಮದುವೆಯ ಮಾತು ಎತ್ತದೆ ಇರಲಾಗುತ್ತಿರಲಿಲ್ಲ. ಎತ್ತಿದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆಮೇಲೆ ಊಟ. ಎಲ್ಲರೂ ಉಂಡ ಮೇಲೆ ಉಳಿದ ಮುದ್ದೆ, ಉಪ್ಪೆಸರು. ನಾನು ಎಣಿಸಿ ಕೊಟ್ಟ ಕಬ್ಬಿಣದ ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೇ ಕೂತಿರುತ್ತಿದ್ದವು. ತಿಂದರೆ ಕೂಸು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಎನ್ನುತ್ತಿದ್ದರು ಅತ್ತೆಯರು. ಇದನ್ನು ಮೂಢನಂಬಿಕೆ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಿದ್ದರು. ನನಗೆ ಹಾಗೆ ಕಂಡಿಲ್ಲ. ಸಿಜೇರಿಯನ್ ಮಾಡುವ ಜಾಗ ಒಂದು ರಾತ್ರಿಯ ದಾರಿ ದೂರದಲ್ಲಿದ್ದಾಗ, ಗಿಡ್ಡ ಹುಡುಗಿಯ ಹೊಟ್ಟೆಯಲ್ಲಿ ದೊಡ್ಡ ಕೂಸೆಂದರೆ ಹುಡುಗಿಯ ಸಾವು. ಕೂಸು ಹೋದರೂ ಸೊಸೆ ಉಳಿಯಲಿ ಎಂದು ಆ ಅತ್ತೆ ಲೆಕ್ಕ ಹಾಕುತ್ತಿದ್ದಳು. ಅವಳಿಗೆ ಗೊತ್ತಿಲ್ಲದಿದ್ದದ್ದು, ರಕ್ತವಿಲ್ಲದ ಸೊಸೆ ಸ್ವಲ್ಪ ರಕ್ತಸ್ರಾವವಾದರೂ ಉಳಿಯುವುದಿಲ್ಲ, ಎರಡು ಕಿಲೋ ಕೂಸು ಚಳಿ ತಡೆಯುವುದಿಲ್ಲ ಎಂಬುದು. ಮಾತ್ರೆ ನುಂಗಲು ಒಪ್ಪಿದವಳಿಗೂ ತಟ್ಟೆಯಲ್ಲಿ ಬೇಳೆ ಇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ನಾಟಿ ಕಾಲದಲ್ಲಿ ಒಂಬತ್ತು ತಿಂಗಳ ಬಸುರಿಯೂ ಗುಂಪಿನ ಜೊತೆ ಕೆಸರಿಗೆ ಇಳಿಯುತ್ತಿದ್ದಳು. ಗುತ್ತಿಗೆ ಕೆಲಸದಲ್ಲಿ ಒಬ್ಬಳು ಕೂತರೆ ಇಡೀ ಗುಂಪಿನ ಕೂಲಿ ಕಡಿಮೆ.

ಹುಟ್ಟಿದ ತೂಕವನ್ನು ಬರೆದಿಡುವುದು ಎಷ್ಟು ದೊಡ್ಡ ಕೆಲಸ ಎಂದು ತೋರಿಸಿದ್ದೂ ನಮ್ಮ ಮೈಸೂರೇ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಹಳೇ ಪುಸ್ತಕಗಳಿಂದ ಹೆಸರು ಹುಡುಕಿ, ದೊಡ್ಡವರಾದವರನ್ನು ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮೈಸೂರಿನಲ್ಲಿ 1934ರಲ್ಲೇ ಕೂಸನ್ನು ತೂಗುತ್ತಿದ್ದರು. ಐವತ್ತು ವರ್ಷದ ಮೇಲೆ ನನ್ನ ಉಪಕೇಂದ್ರದಲ್ಲಿ ತಕ್ಕಡಿ ಇರಲಿಲ್ಲ. ‘ಸಣ್ಣದು’, ‘ಸುಮಾರು’, ‘ಚೆನ್ನಾಗಿದೆ’, ಹೀಗೆ ಕಣ್ಣಳತೆಯಲ್ಲೇ ಬರೆದುಕೊಳ್ಳುತ್ತಿದ್ದೆ.

ಸೂಲಗಿತ್ತಿಯರ ಬಗ್ಗೆ ಈಗ ಎರಡು ಬಗೆಯ ಮಾತು ಕೇಳುತ್ತೇನೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದ ಮೇಲೆ ಎಲ್ಲರನ್ನೂ ದೇವತೆ ಮಾಡಿದ್ದಾರೆ; ಅದಕ್ಕೆ ಮುಂಚೆ ಎಲ್ಲ ಸಾವಿಗೂ ಅವರೇ ಹೊಣೆ ಎನ್ನುತ್ತಿದ್ದರು. ಅವರಲ್ಲಿ ಹಲವರ ಪಕ್ಕದಲ್ಲಿ ಕೂತು ಕೆಲಸ ಮಾಡಿದವಳು ನಾನು. ಅಡ್ಡ ಮಲಗಿದ ಕೂಸನ್ನು ಹೊಟ್ಟೆಯ ಮೇಲಿನಿಂದಲೇ ಕೈಯಲ್ಲಿ ಗುರುತಿಸುತ್ತಿದ್ದರು. ಆದರೆ ಕಸ, ಅಂದರೆ ಮಾಸು, ಬೀಳುವ ತನಕ ಬಳ್ಳಿ ಕೊಯ್ಯುತ್ತಿರಲಿಲ್ಲ. ಎಲ್ಲರ ಕಣ್ಣೂ ತಾಯಿಯ ಮೇಲೆ. ಕೂಸು ಒದ್ದೆ ಮೈಯಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಅಥವಾ ಮೊರದಲ್ಲಿ. ಕಸ ಬಿದ್ದ ಮೇಲೆ ನೀರು ಹುಯ್ದು ಉಜ್ಜಿ ಸ್ನಾನ. ಧನುರ್ಮಾಸದ ಚಳಿಯಲ್ಲಿ ತುಂಬು ತಿಂಗಳ ಕೂಸೇ ತಣ್ಣಗಾಗುತ್ತದೆ. ಎಂಟು ತಿಂಗಳದ್ದು ಹೇಗೆ ತಡೆದೀತು? ಮೊದಲ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸುತ್ತಿದ್ದರು. ಕುಡುಗೋಲಿನಲ್ಲಿ ಕೊಯ್ದ ಬಳ್ಳಿಯಿಂದ ನಂಜಾಗಿ, ವಾರದ ಹೊತ್ತಿಗೆ ಕೂಸು ಬಾಯಿ ಕಚ್ಚಿಕೊಂಡು ಸೆಟೆದುಕೊಳ್ಳುತ್ತಿತ್ತು. ಅದನ್ನು ಗ್ರಹ ಎಂದು ಯಂತ್ರ ಕಟ್ಟಿಸಲು ಓಡುತ್ತಿದ್ದರು. ಹೊಸ ಬ್ಲೇಡು, ಕುದಿಸಿದ ದಾರ, ಸೋಪು, ಬಸುರಿಗೆ ಟಿಟಿ ಸೂಜಿ, ಇಷ್ಟರಿಂದ ಆ ಧನುರ್ವಾಯು ನನ್ನ ಕಣ್ಣೆದುರಿಗೇ ಹೋಯಿತು. ತಾಯಿ-ಶಿಶು ಧನುರ್ವಾಯು ಇಡೀ ದೇಶದಲ್ಲೇ ನಿರ್ಮೂಲವಾದ ಮಟ್ಟಕ್ಕೆ ಬಂದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಮೂಗೂರು ಕಡೆ ಒಂದು ಮನೆ. ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸಿಗೆ ಏಳೂವರೆ ತಿಂಗಳಿಗೇ ಹೆರಿಗೆ ಆಗಿತ್ತು. ಕೂಸು ಅಂಗೈ ಉದ್ದ. ಮೈಸೂರಿಗೆ ಒಯ್ಯಲು ಅಪ್ಪ ಒಪ್ಪಲಿಲ್ಲ, “ಅಲ್ಲಿಗೋದ್ರೆ ಹೆಣ ತರೋಕೆ ಮತ್ತೆ ದುಡ್ಡು ಬೇಕು” ಎಂದ. ಅಲ್ಲಿಯ ಸೂಲಗಿತ್ತಿ, ವಯಸ್ಸಾದ ಹೆಂಗಸು, ಮಾತಾಡದೆ ಕುಪ್ಪಸದ ಗುಂಡಿ ಬಿಚ್ಚಿ ಕೂಸನ್ನು ಬರಿಮೈಯಲ್ಲಿ ಎದೆಗೆ ಅವಚಿಕೊಂಡು ಮೇಲೆ ಕಂಬಳಿ ಹೊದ್ದು ಕೂತಳು. ಅವಳಿಗೆ ದಣಿವಾದಾಗ ತಾಯಿ, ತಾಯಿ ಮಲಗಿದಾಗ ದೊಡ್ಡವ್ವ. ಹಾಲು ಹಿಂಡಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರು. ಅದು ಬದುಕಿತು. ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ ಸಾಲದೆ ಡಾಕ್ಟರುಗಳು ಇದನ್ನೇ 1970ರ ದಶಕದ ಕೊನೆಯಲ್ಲಿ ಶುರುಮಾಡಿ ಕಾಂಗರೂ ಆರೈಕೆ ಎಂದು ಹೆಸರಿಟ್ಟರು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, ಭಾರತದ ಆಸ್ಪತ್ರೆಯೂ ಸೇರಿದ್ದ ಅಧ್ಯಯನವೊಂದು ಹೊರಬಂತು: ತೀರಾ ಸಣ್ಣ ಕೂಸನ್ನು ಹುಟ್ಟಿದ ಕೂಡಲೇ ಹೀಗೆ ಎದೆಗೆ ಇಟ್ಟರೆ ಸಾವು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಆ ಸೂಲಗಿತ್ತಿಗೆ ಸರ್ಕಾರದಿಂದ ಸಿಕ್ಕಿದ್ದು ಒಂದು ಅಲ್ಯೂಮಿನಿಯಂ ಪೆಟ್ಟಿಗೆ.

ದಾರಿಯ ವಿಚಾರ ಎಲ್ಲರಿಗೂ ಗೊತ್ತಿರುವುದೇ. ನಂಜನಗೂಡಿನಿಂದ ಮೈಸೂರು ಇಪ್ಪತ್ತೈದು ಕಿಲೋಮೀಟರಿನ ಒಳಗೆ. ಆದರೆ ಊರಿನಿಂದ ನಂಜನಗೂಡಿಗೆ ಆಗ ಗಾಡಿ ಕಟ್ಟಬೇಕಿತ್ತು, ಕಬಿನಿಯಿಂದ ನೀರು ಬಿಟ್ಟರೆ ಮಲ್ಲನಮೂಲೆ ಮಠದ ಹತ್ತಿರ ರಸ್ತೆಯೇ ಮುಳುಗುತ್ತದೆ. 2008ರ ನವೆಂಬರಿನಲ್ಲಿ 108 ಆಂಬ್ಯುಲೆನ್ಸ್ ಬಂದಾಗ ನನಗೆ ಅನ್ನಿಸಿದ್ದು, ಇನ್ನು ನನ್ನ ಕೆಲಸ ಅರ್ಧ ಮುಗಿಯಿತು ಎಂದು. ಮುಗಿಯಲಿಲ್ಲ. ದಾರಿಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದದ್ದು ಹೊರಡುವ ತೀರ್ಮಾನ. ಗಂಡ ಬರಬೇಕು, ಮಾವ ಒಪ್ಪಬೇಕು, ಮೇಕೆ ನೋಡಿಕೊಳ್ಳುವವರು ಬೇಕು. ಅದರ ಮೇಲೆ ತವರಿನ ಪದ್ಧತಿ. ಏಳನೇ ತಿಂಗಳಿಗೆ ಹುಡುಗಿ ತವರಿಗೆ ಹೊರಟರೆ ಅವಳ ಹೆಸರು ಗಂಡನ ಊರಿನ ಪುಸ್ತಕದಲ್ಲಿ, ಅವಳು ಇನ್ನೊಂದು ತಾಲ್ಲೂಕಿನಲ್ಲಿ. ಇಲ್ಲಿಯ ನರ್ಸು ಅಲ್ಲಿಯವಳು ನೋಡುತ್ತಾಳೆ ಎಂದುಕೊಳ್ಳುತ್ತಾಳೆ, ಅಲ್ಲಿಯವಳು ಇಲ್ಲಿಯವಳು ನೋಡಿರುತ್ತಾಳೆ ಎಂದು. ಬಿಪಿ ಏರುವ, ಕಾಲು ಬಾವು ಬರುವ ಆ ಕೊನೆಯ ಎರಡು ತಿಂಗಳಲ್ಲಿ ಅವಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಎರಡು ತಾಲ್ಲೂಕಿನಲ್ಲೂ ಕೆಲಸ ಮಾಡಿದ್ದರಿಂದ ಇದು ನನಗೆ ಬೇರೆಯವರಿಗಿಂತ ಚೆನ್ನಾಗಿ ಕಂಡಿತು. ನನ್ನ ಕೈಯಲ್ಲಾದಷ್ಟು ಕಾರ್ಡುಗಳನ್ನು ಅತ್ತಿಂದಿತ್ತ ಮುಟ್ಟಿಸಿದೆ. ಈಗ ಕಂಪ್ಯೂಟರು ಬಂದಿದೆ. ಆದರೂ ಆಶಾ ಕಾರ್ಯಕರ್ತೆಯರು ಹೇಳುವುದು ಇದೇ ಕಥೆ.

ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005–06ರಲ್ಲಿ ನೂರಕ್ಕೆ 65 ಇತ್ತು. 2015–16ಕ್ಕೆ 94, 2019–21ಕ್ಕೆ 97. ಸೂಲಗಿತ್ತಿಯ ಮೇಲೆ ಹೊರಿಸುವ ಕಾಲ ಮುಗಿಯಿತು. ವರ್ಷದೊಳಗಿನ ಮಕ್ಕಳ ಸಾವೂ ಇಳಿದಿದೆ, ಸುಳ್ಳಲ್ಲ. ಆದರೆ ಅದೇ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷದೊಳಗೆ ಸತ್ತವು ಸುಮಾರು 25, ಅದರಲ್ಲಿ 16ರಷ್ಟು ಮೊದಲ ತಿಂಗಳಲ್ಲೇ. ಬಸುರಿಯರಲ್ಲಿ ನೂರಕ್ಕೆ 46 ಮಂದಿಗೆ ರಕ್ತ ಕಡಿಮೆ. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಐವರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತು. ಹೆರಿಗೆಯ ಜಾಗ ಮಾತ್ರ ಬದಲಾಗಿದೆ, ಹೆರುವವಳ ಮೈ ಅಷ್ಟಾಗಿ ಬದಲಾಗಿಲ್ಲ.

ಜಾಗವಾದರೂ ಸರಿಯಾಗಿದೆಯೇ? ನಿವೃತ್ತಿಗೆ ಸ್ವಲ್ಪ ಮುಂಚೆ ಒಬ್ಬ ಹುಡುಗಿಯ ಜೊತೆ ಆಂಬ್ಯುಲೆನ್ಸಿನಲ್ಲಿ ಹೋಗಿದ್ದೆ. ಮೊದಲ ಆಸ್ಪತ್ರೆಯಲ್ಲಿ, ಅರಿವಳಿಕೆ ಡಾಕ್ಟರಿಲ್ಲ, ಮುಂದಕ್ಕೆ ಹೋಗಿ ಎಂದು ಚೀಟಿ ಬರೆದರು. ಎರಡನೆಯದರಲ್ಲಿ ಕೂಸನ್ನಿಡಲು ಜಾಗ ಇಲ್ಲ ಎಂದರು. ಎಲ್ಲಿ ಎಂದು ಹೇಳುವುದಿಲ್ಲ. ಅಂಥ ಚೀಟಿ ಬರೆಯದ ಊರು ಇದ್ದರೆ ಅಲ್ಲಿಯವರು ಪುಣ್ಯವಂತರು. ಕೊನೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ. ಮಂಡ್ಯ, ಚಾಮರಾಜನಗರ, ಕೊಡಗು, ಎಲ್ಲ ಜಿಲ್ಲೆಗಳ ಚೀಟಿಯೂ ಬಂದು ಬೀಳುವುದು ಅಲ್ಲಿಗೇ. ಆ ರಾತ್ರಿಯ ಗದ್ದಲದಲ್ಲೂ ಅಲ್ಲಿಯ ಡಾಕ್ಟರ್ ಹುಡುಗಿಯರು ಹೇಗೋ ಸಿಜೇರಿಯನ್ ಮುಗಿಸಿ ಕೂಸನ್ನು ಅಳಿಸಿದರು. ಆ ಹುಡುಗಿಗೆ ಚೀಟಿಯ ದಾರಿ ದಕ್ಕಿತು. ದಾರಿಯಲ್ಲೇ ಹೊತ್ತು ಕಳೆದು ದಕ್ಕದೆ ಹೋದವರ ಹೆಸರು ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಸರಿಯಾಗಿ ಇರುವುದಿಲ್ಲ, ಯಾಕೆಂದರೆ ಎಲ್ಲರೂ ‘ಮುಂದಕ್ಕೆ ಕಳಿಸಲಾಗಿದೆ’ ಎಂದೇ ಬರೆದಿರುತ್ತಾರೆ.

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ, ನವಜಾತ ಶಿಶುಗಳ ಸಾವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದನ್ನು 1999ರಲ್ಲೇ ತೋರಿಸಿದ್ದರು. 2011ರಿಂದ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ತೂಗಿ ನೋಡುವುದು ಅದರಿಂದಲೇ ಬಂದದ್ದು. ಆಸ್ಪತ್ರೆಯಿಂದ ಮನೆಗೆ ಬಂದ ಕೂಸಿಗೆ ಏನೂ ಆಗುವುದಿಲ್ಲ ಎಂದುಕೊಂಡು ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿ ಸಹಿ ಹಾಕಿ ಕಳಿಸುವ ಮನೆಗಳು ಈಗ ಹೆಚ್ಚುತ್ತಿವೆ. ಆದರೆ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳಲ್ಲಿ ನಾಲ್ಕರಲ್ಲಿ ಮೂರು ಮೊದಲ ವಾರದಲ್ಲೇ ಸಾಯುತ್ತವೆ.

ಅದಕ್ಕೇ ಇದನ್ನು ಓದುತ್ತಿರುವವರ ಮನೆಯಲ್ಲಿ, ಇಲ್ಲವೇ ನಿಮ್ಮ ಮನೆ ಕೆಲಸಕ್ಕೆ, ಹೊಲದ ಕೆಲಸಕ್ಕೆ ಬರುವವರಲ್ಲಿ ತುಂಬಿದ ಬಸುರಿ ಇದ್ದರೆ ಒಂದು ಮಾತು. ಕೂಸು ಮಿಸುಕಾಡುವುದು ಕಡಿಮೆಯಾಗಿದೆ ಎಂದು ಅವಳು ಹೇಳಿದರೆ, ತಲೆನೋವು, ಕಣ್ಣು ಮಂಜು, ಮುಖ ಬಾವು ಎಂದರೆ, ನೀರು ಹೋಯಿತು ಎಂದರೆ, ಬೆಳಗಾಗಲಿ ಎನ್ನಬೇಡಿ. ನೋವು ಬರಲೆಂದು ಮನೆಯಲ್ಲಿ ಯಾರಿಂದಲೂ ಸೂಜಿ ಹಾಕಿಸಬೇಡಿ. ತವರಿಗೆ ಹೊರಟಾಗ ತಾಯಿ ಕಾರ್ಡನ್ನು ಸೀರೆಯ ಜೊತೆ ಮೊದಲು ಇಡಿ, ಆ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ. 108ಕ್ಕೆ ಫೋನ್ ಮಾಡಲು ದುಡ್ಡು ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೂ ಸಿಜೇರಿಯನ್ನಿಗೂ, ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆಗೂ 2011ರಿಂದ ದುಡ್ಡು ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ.